ಒಲೆ ಆರಿಸುವವನ ಬೀಗದ ಕೈ

ಒಲೆ ಹಚ್ಚಿ ಹೊಟ್ಟೆ ಹೊರೆಯುವವರು ಯಾವ ಊರಿಗೆ ಹೋದರೂ ಸಿಗುತ್ತಾರೆ. ಒಲೆ ಆರಿಸಿ ಹೊಟ್ಟೆ ಹೊರೆಯುವವನು ಮಧುಗಿರಿ ಸೀಮೆಯಲ್ಲಿ ಬಹುಶಃ ನಾನೊಬ್ಬನೇ. ಹಾಗಾಗಿ ನನಗೆ ಇಂಥವು ಆಗುತ್ತಲೇ ಇರುತ್ತವೆ. ಒಂದು ವಾರ ಏನೂ ಆಗದಿದ್ದರೆ ನನ್ನ ಮನೆಯಾಕೆ ಹಣೆ ಮುಟ್ಟಿ ನೋಡಿ, "ಯಾಕೆ, ಮೈ ಹುಷಾರಿಲ್ವಾ?" ಎಂದು ಕೇಳುತ್ತಾಳೆ.

ನಾನು ವೈರಿಂಗ್ ಕೆಲಸದವನು. ಈಚೆಗೆ ಹೋಟೆಲು, ಮೆಸ್ಸು, ಕ್ಯಾಂಟೀನು, ಕಲ್ಯಾಣ ಮಂಟಪಗಳಿಗೆಲ್ಲ ಮಂಚದಷ್ಟಗಲದ ಕರೆಂಟ್ ಒಲೆಗಳು ಬಂದಿವೆ. ಅಂಥ ಒಲೆ ಇದ್ದ ಕಡೆ ಗೋಡೆಗೊಂದು ಕೆಂಪು ಗುಂಡಿ ಇರಬೇಕು. ಅಂಗೈಯಗಲ, ಅಣಬೆಯ ಹಾಗೆ ಉಬ್ಬಿಕೊಂಡಿರುತ್ತದೆ. ಎಣ್ಣೆಗೆ ಬೆಂಕಿ ಹತ್ತಿತು, ಯಾರಿಗೋ ಶಾಕ್ ಹೊಡೆಯಿತು ಎಂದಾಗ ಅದನ್ನು ಗುದ್ದಿದರೆ ಒಲೆಗೆ ಬರುವ ಮೂರೂ ಫೇಸು ಒಟ್ಟಿಗೆ ಕಡಿದುಹೋಗುತ್ತವೆ. ಗುಂಡಿಯನ್ನು ಹಿಡಿದು ತಿರುಗಿಸಿದರೆ ಮತ್ತೆ ಬರುತ್ತವೆ. ಇಷ್ಟೇ ನನ್ನ ವಿದ್ಯೆ. ಪೆಟ್ಟಿಗೆಯೊಳಗಿನ ವೈರುಗಳ ಚಿತ್ರ ಬರೆದುಕೊಡುತ್ತಿದ್ದವಳು ಡಿಪ್ಲೊಮಾ ಓದಿದ ನನ್ನ ಒಬ್ಬಳೇ ಮಗಳು.

ಮೊದಮೊದಲು ಅದು ಬರೀ ಗುಂಡಿಯಾಗಿತ್ತು. ಆಮೇಲೆ ಒಬ್ಬೊಬ್ಬರು ಮಾಡಿದ ಒಂದೊಂದು ಎಡವಟ್ಟಿನಿಂದ ಅದಕ್ಕೆ ಒಂದೊಂದು ಅಂಗ ಸೇರಿಕೊಂಡಿತು. ಮುಚ್ಚಳ ಬಂತು, ಕಣ್ಣು ಬಂತು, ಬೀಗದ ಕೈ ಬಂತು. ನನಗೂ ಜಂಬ ಬಂತು. ಆ ಜಂಬದಲ್ಲೇ ಮಗಳ ಮದುವೆಯ ಮಾತುಕತೆಯಲ್ಲಿ ಬೀಗರಿಗೆ ಒಂದು ಮಾತು ಕೊಟ್ಟೆ: "ಧಾರೆ ಮುಗಿದ ತಕ್ಷಣ ಎಲೆ ಹಾಕಿಸ್ತೀನಿ. ಕರೆಂಟ್ ಒಲೆಗೆ ನಾನು ಜವಾಬ್ದಾರಿ." ಆ ಮಾತಿಗೆ ಏನಾಯಿತು ಎನ್ನುವುದು ತಿಳಿಯಬೇಕಾದರೆ, ಗುಂಡಿ ಹೇಗೆ ಬೆಳೆಯಿತು ಎನ್ನುವುದು ಮೊದಲು ತಿಳಿಯಬೇಕು.

ಕವೆಗೋಲು

ಕೊರಟಗೆರೆಯಲ್ಲಿ ಒಬ್ಬ ಹೆಂಗಸು ಮೆಸ್ಸು ನಡೆಸುತ್ತಾರೆ. ಊರಿಗೆಲ್ಲ ಅವರು ಅಕ್ಕ. ಅವರ ಮುದ್ದೆ ಸಾರಿಗಾಗಿ ಕೊಳಾಲದ ಕಡೆಯಿಂದ ಕಚೇರಿ ಕೆಲಸಕ್ಕೆ ಬಂದವರು ಕೆಲಸ ಆಗದಿದ್ದರೂ ಬೇಜಾರಿಲ್ಲದೆ ವಾಪಸು ಹೋಗುತ್ತಾರೆ. ಅಲ್ಲಿ ನಾನು ಗುಂಡಿಯನ್ನು ಒಲೆಯ ಪಕ್ಕದ ಗೋಡೆಗೆ, ಸೊಂಟದೆತ್ತರಕ್ಕೆ ಕೂಡಿಸಿದೆ. ಅವಸರಕ್ಕೆ ಕೈಗೆ ಸಿಗಬೇಕಲ್ಲ ಎನ್ನುವುದು ನನ್ನ ಲೆಕ್ಕಾಚಾರ.

ಮರುದಿನವೇ ಫೋನು ಬಂತು. "ಅಣ್ಣ, ನಿಮ್ಮೊಲೆ ಹನ್ನೊಂದೂವರೆಗೆ ಸರಿಯಾಗಿ ಪ್ರಾಣ ಬುಡ್ತು. ಸಾರು ತಣ್ಣಗಾಯ್ತಾ ಐತೆ."

ಹೋದೆ. ಗುಂಡಿ ಒತ್ತಿಕೊಂಡಿತ್ತು. "ಇದನ್ನ ಯಾರಾದ್ರೂ ಮುಟ್ಟಿದ್ರಾ?" ಎಂದೆ. "ದೇವ್ರಾಣೆಗೂ ಯಾರೂ ಮುಟ್ಟಿಲ್ಲ" ಎಂದರು. ಗುಂಡಿ ತಿರುಗಿಸಿ ಕರೆಂಟು ಕೊಟ್ಟು ಬಂದೆ. ಮರುದಿನ ಮತ್ತೆ ಹನ್ನೊಂದೂವರೆ, ಮತ್ತೆ ಫೋನು. ಹೊಸ ಗುಂಡಿ ಹಾಕಿದೆ. ಅದರ ಮರುದಿನ ಪೆಟ್ಟಿಗೆಯನ್ನೇ ಬದಲಾಯಿಸಿದೆ. ಹನ್ನೊಂದೂವರೆಗೆ ಏನು ಮುಹೂರ್ತವೋ, ಅದೂ ಪ್ರಾಣ ಬಿಟ್ಟಿತು. ಮಗಳು ಚಿತ್ರವನ್ನು ಮೂರು ಸಲ ನೋಡಿ, "ಅಪ್ಪ, ತಪ್ಪು ವೈರಲ್ಲಿಲ್ಲ, ಅಡಿಗೆಮನೇಲಿದೆ. ಹೋಗಿ ಕೂತ್ಕೊಂಡು ನೋಡು" ಎಂದಳು.

ಮರುದಿನ ಬೆಳಿಗ್ಗೆ ಹತ್ತಕ್ಕೇ ಹೋಗಿ ಅಡಿಗೆಮನೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತೆ. ಹನ್ನೊಂದೂವರೆ ಎಂದರೆ ಮುದ್ದೆ ತಿರುವುವ ಹೊತ್ತು. ಊಟಕ್ಕೆ ಬರುವ ಅಷ್ಟೂ ಜನಕ್ಕೆ ಒಂದೇ ಪಾತ್ರೆಯಲ್ಲಿ ಮುದ್ದೆ ತಿರುವುವುದು ಕುಸ್ತಿಗೇನೂ ಕಡಿಮೆಯಲ್ಲ. ಹಿಟ್ಟು ಗಟ್ಟಿಯಾದಂತೆ ಕೋಲಿನ ಜೊತೆ ಪಾತ್ರೆಯೂ ತಿರುಗಲು ಹೊರಡುತ್ತದೆ. ಅದನ್ನು ಅಲುಗಾಡದ ಹಾಗೆ ಹಿಡಿಯುವುದಕ್ಕೇ ಕವೆಗೋಲು ಇರುವುದು. ಅದರ ಕವೆಯನ್ನು ಪಾತ್ರೆಯ ಕಂಠಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಲ್ಲಾದರೂ ಭದ್ರವಾಗಿ ಒತ್ತಿ ನಿಲ್ಲಿಸಬೇಕು. ಅಕ್ಕ ಸೆರಗು ಸಿಕ್ಕಿಸಿಕೊಂಡರು, ಕವೆಯನ್ನು ಪಾತ್ರೆಗೆ ಕೊಟ್ಟರು, ಕೋಲಿನ ತುದಿಯನ್ನು ನೆಟ್ಟಗೆ ನನ್ನ ಕೆಂಪು ಗುಂಡಿಯ ಮೇಲಿಟ್ಟು ಸೊಂಟದಿಂದ ಒತ್ತಿದರು. ಟಕ್ ಎಂದಿತು. ಒಲೆ ಆರಿತು. ಅವರು ಮುದ್ದೆ ತಿರುವುತ್ತಲೇ ಇದ್ದರು.

"ಅಕ್ಕ, ಅದನ್ನ ಯಾರೂ ಮುಟ್ಟಿಲ್ಲ ಅಂದ್ರಲ್ಲ."

"ನಾನೆಲ್ಲಿ ಮುಟ್ಟಿದ್ದೀನಿ? ಕೋಲು ತಾನೆ ಮುಟ್ಟಿರೋದು."

"ಕೋಲನ್ನ ಅಲ್ಲೇ ಯಾಕೆ ಇಡಬೇಕು?"

"ಅಲ್ಲಿ ವಸಿ ಒಳೀಕೆ ಕುಂತ್ಕತದೆ, ಜಾರಾಕಿಲ್ಲ" ಎಂದರು ಅಕ್ಕ. ಆಮೇಲೆ ಕೋಲು ನಿಲ್ಲಿಸಿ, ಬೆವರು ಒರೆಸಿಕೊಂಡು, ಮನಸಾರೆ ನನ್ನನ್ನು ಹೊಗಳಿದರು. "ಮದ್ವೆಯಾಗಿ ಬಂದಾಗಿಂದ ಮುದ್ದೆ ತಿರುವ್ತಾ ಇವ್ನಿ. ಕವೆಗೋಲಿಗೆ ಒಂದು ಆಸರೆ ಬೇಕು ಅಂತ ಯೋಚ್ನೆ ಮಾಡಿದೋರು ನೀವೊಬ್ರೇ ಕಣಣ್ಣ."

ಸುಣ್ಣ

ಅಂದಿನಿಂದ ಗುಂಡಿಯನ್ನು ಒಲೆಯಿಂದ ದೂರ, ಬಾಗಿಲ ಪಕ್ಕ, ಎದೆಯೆತ್ತರಕ್ಕೆ ಹಾಕತೊಡಗಿದೆ. ಶಿರಾದ ಹೈವೇ ಪಕ್ಕದ ಹೋಟೆಲಿನಲ್ಲೂ ಹಾಗೆಯೇ ಹಾಕಿದೆ.

ಆ ಹೋಟೆಲಿನ ಯಜಮಾನರು ಸೌದೆ ಒಲೆಯ ಕಾಲದವರು. "ಬೆಂಕಿ ಕಾಣ್ದಿದ್ ಒಲೇನ ನಾನು ನಂಬಾಕಿಲ್ಲ" ಎನ್ನುವುದು ಅವರ ಖಂಡಿತವಾದ ಮಾತು. ಹೊಗೆ ಬರುತ್ತದೆಂದು ಮೇಲಿನ ಲಾಡ್ಜಿನವರು ದಿನಾ ಜಗಳಕ್ಕೆ ಬರುತ್ತಿದ್ದುದರಿಂದ ಒಂದು ಕರೆಂಟ್ ಒಲೆ ತರಿಸಿದ್ದರು, ಅಷ್ಟೇ. ಅನ್ನ ಸಾರೆಲ್ಲ ಹಿತ್ತಲಿನ ಸೌದೆ ಒಲೆಯಲ್ಲೇ ಆಗುತ್ತಿತ್ತು. ಕರೆಂಟ್ ಒಲೆಯ ಮೇಲೆ ಹಾಲು ಮಾತ್ರ. ಯಜಮಾನರ ಇನ್ನೊಂದು ಲಕ್ಷಣವೆಂದರೆ ಎಲೆ ಅಡಿಕೆ. ಸೊಂಟದಲ್ಲಿ ಒಂದು ಸಂಚಿ, ಸಂಚಿಯೊಳಗೆ ಅವರಪ್ಪನ ಕಾಲದ ಕಬ್ಬಿಣದ ಅಡಕತ್ತರಿ. ಮಾತಿನ ಮಧ್ಯೆ ಅದರ ಕಟಕಟ ಸದ್ದು ನಿಂತಿತೆಂದರೆ ಯಜಮಾನರಿಗೆ ಕೋಪ ಬಂದಿದೆ ಎಂದು ತಿಳಿಯಬೇಕು.

ಎರಡು ತಿಂಗಳಾದ ಮೇಲೆ ಅಲ್ಲಿನ ಗಲ್ಲಾದಲ್ಲಿ ಕೂರುವ ಸಾಬರು ಫೋನು ಮಾಡಿದರು. "ಭಾಯ್, ನಿಮ್ ಲಾಲ್ ಬಟನ್ ಗಾಯಬ್. ನಾಳೆ ಚೆಕಿಂಗ್‌ಗೆ ಆಫೀಸರ್ ಬರ್ತಾವ್ರೆ. ಜಲ್ದಿ ಬನ್ನಿ."

ಗೋಡೆಯಿಂದ ಗುಂಡಿಯನ್ನು ಯಾರು ಕದಿಯುತ್ತಾರೆ? ಮರುದಿನ ಬೆಳಿಗ್ಗೆ ಬೈಕು ಹತ್ತಿ ಹೋದೆ. ನಾನು ಒಳಗೆ ಹೋಗುವುದಕ್ಕೂ ಅಧಿಕಾರಿಗಳು ಬರುವುದಕ್ಕೂ ಸರಿಹೋಯಿತು. ಗುಂಡಿ ಇದ್ದ ಜಾಗದಲ್ಲೇ ಇತ್ತು. ಆದರೆ ಅದು ಬೆಳ್ಳಗೆ, ಗಟ್ಟಿಯಾಗಿ, ಹುಣ್ಣಿಮೆ ಚಂದ್ರನ ಹಾಗೆ ಆಗಿತ್ತು. ಹೊಸ ಟೈಲ್ಸು ಹಾಳಾಗಬಾರದೆಂದು ಯಜಮಾನರೇ ಮುಂದೆ ನಿಂತು 'ಗೋಡೆಗೆ ಸುಣ್ಣ ಒರೆಸಬಾರದು' ಎಂದು ಬೋರ್ಡು ಬರೆಸಿದ್ದರು. ತಾವೇ ಬರೆಸಿದ ಬೋರ್ಡಿಗೆ ತಾವೇ ಮರ್ಯಾದೆ ಕೊಡಬೇಕಲ್ಲ. ಎಲೆಗೆ ಹಚ್ಚಿ ಬೆರಳಲ್ಲಿ ಉಳಿದ ಸುಣ್ಣವನ್ನು ಗೋಡೆಗೆ ಒರೆಸದೆ, ಬಾಗಿಲ ಪಕ್ಕದಲ್ಲಿ ಕೈಗೆ ಹಿತವಾಗಿ ಸಿಗುತ್ತಿದ್ದ ನನ್ನ ಗುಂಡಿಗೆ ಒರೆಸುತ್ತಾ ಬಂದಿದ್ದರು. ಅಡಿಗೆಯವರೂ ಯಜಮಾನರನ್ನು ನೋಡಿ ಹಾಗೇ ಮಾಡಿದ್ದರು.

ಅಧಿಕಾರಿ ಹಾಳೆ ಹಿಡಿದು, "ಎಮರ್ಜೆನ್ಸಿ ಬಟನ್ ಎಲ್ಲಿ?" ಎಂದರು.

ಯಜಮಾನರು ಅಡಕತ್ತರಿಯಲ್ಲೇ ತೋರಿಸಿದರು. "ಅಗಾ, ಅಲ್ಲೈತಲ್ಲ."

"ಅದು ಕೆಂಪಗಿರಬೇಕು ಕಣ್ರೀ. ಇದು ಬೆಳ್ಳಗಿದೆಯಲ್ಲ?"

ನಾನು ನೆಲ ನೋಡುತ್ತಾ ನಿಂತೆ. ಯಜಮಾನರು ಮಾತ್ರ ಒಂದು ಚೂರೂ ವಿಚಲಿತರಾಗಲಿಲ್ಲ. ಅಡಿಕೆ ಕತ್ತರಿಸುತ್ತಲೇ ಹೇಳಿದರು: "ಸುಣ್ಣ ಬಿದ್ದಮ್ಯಾಕೆ ಕೆಂಪಾಗ್ದೆ ಎಲ್ಲೋಯ್ತದೆ ಸ್ವಾಮಿ. ವಸಿ ತಡ್ಕಳಿ."

ಮೇಕೆ ಮರಿ

ಆ ಸುಣ್ಣವನ್ನು ನಾನು ಚಾಕುವಿನಿಂದ ಒಂದು ಗಂಟೆ ಹೊತ್ತು ಕೆರೆದೆ. ಆಮೇಲಿನ ಗುಂಡಿಗಳಿಗೆಲ್ಲ ಆಚೆಯಿಂದ ಈಚೆ ಕಾಣುವ ಮುಚ್ಚಳ ಬಂತು.

ಪಾವಗಡದ ಆಚೆ ವಳ್ಳೂರಿನ ಕಡೆ ಎತ್ತ ನೋಡಿದರೂ ಸೋಲಾರ್ ಹಲಗೆಗಳು. ಅಲ್ಲಿ ಕೆಲಸಗಾರರಿಗೆಂದು ಒಬ್ಬರು ಕ್ಯಾಂಟೀನು ನಡೆಸುತ್ತಿದ್ದರು. ಅಲ್ಲಿನ ಅಡಿಗೆಯವನು ಕೈರುಚಿಯ ಮನುಷ್ಯ, ಆದರೆ ಕಾಲು ಒಂದು ಕಡೆ ನಿಲ್ಲದು. ಬೇಳೆ ಒಲೆಗೆ ಹಾಕಿ ಹೊರಗಿನ ಬೇವಿನ ಮರದ ಕೆಳಗೆ ಮೊಬೈಲು ನೋಡುತ್ತಾ ಕೂತುಬಿಡುತ್ತಿದ್ದ. ಎರಡು ಸಲ ಪಾತ್ರೆ ತೂತಾಯಿತು. ಕ್ಯಾಂಟೀನಿನವರು ನನ್ನನ್ನು ಕರೆಸಿ, "ಇವ್ನು ಎದುರಿಗಿಲ್ದಿದ್ರೆ ಒಲೆ ತಾನಾಗೇ ಆರೋ ಹಂಗೆ ಮಾಡ್ಕೊಡಿ" ಎಂದರು.

ಮಾಡಿಕೊಟ್ಟೆ. ಒಲೆಯ ಪಕ್ಕ ಒಂದು ಕಣ್ಣು ಕೂಡಿಸಿದೆ. ಎದುರಿಗೆ ಮೈಬಿಸಿಯ ಜೀವ ಅಲ್ಲಾಡುತ್ತಿದ್ದರೆ ಅದಕ್ಕೆ ತಿಳಿಯುತ್ತದೆ. ಹದಿನೈದು ನಿಮಿಷ ಯಾರೂ ಸುಳಿಯದಿದ್ದರೆ ಒಲೆಯನ್ನು ಆರಿಸಿಬಿಡುತ್ತದೆ. ಮಗಳು ಚಿತ್ರ ಬರೆಯುವಾಗಲೇ, "ಹದಿನೈದು ನಿಮಿಷ ಸಾಲಲ್ಲಪ್ಪ, ಅರ್ಧ ಗಂಟೆ ಇಡೋಣ" ಎಂದಿದ್ದಳು. ನಾನು ಕೇಳಲಿಲ್ಲ. ಅಡಿಗೆಯವನಿಗೆ ಎಲ್ಲ ವಿವರಿಸಿ, "ಒಟ್ಟಿನಲ್ಲಿ ಇದರೆದುರಿಗೆ ಒಂದು ಜೀವ ಇರಬೇಕಪ್ಪ" ಎಂದೆ.

"ಜೀವಮುಂಟೆ ಚಾಲಾ ಸಾರ್?" ಎಂದ. ಜೀವ ಇದ್ದರೆ ಸಾಕಾ ಎಂದು.

"ಸಾಕು" ಎಂದೆ. ಅಲ್ಲಿ ನಾನು ಎಡವಿದೆ.

ಎರಡು ವಾರಕ್ಕೆ ಕ್ಯಾಂಟೀನಿನವರ ಫೋನು. "ಇವ್ನು ಮರದ ಕೆಳಗೇ ಅವ್ನೆ, ಒಲೆ ಮಾತ್ರ ಆರಾಕಿಲ್ಲ. ನಿಮ್ ಕಣ್ಣಿಗೆ ಪೊರೆ ಬಂದೈತಾ ನೋಡಿ." ಹೋಗಿ ನೋಡಿದರೆ ಒಲೆಯ ಮೇಲೆ ಬೇಳೆ ಬೇಯುತ್ತಿದೆ, ಎದುರಿಗೆ ಒಂದು ಮೇಕೆ ಮರಿ ಕಟ್ಟಿದೆ. ಕರಿಬೇವು ತಿನ್ನುತ್ತಾ ತಲೆಯಾಡಿಸುತ್ತಾ ನಿಂತಿದೆ. ನನ್ನ ಕಣ್ಣು ಅದನ್ನು ನಂಬಿ ಒಲೆ ಉರಿಸುತ್ತಿದೆ.

ಅಡಿಗೆಯವನನ್ನು ಕರೆದೆ. "ಏನಯ್ಯ ಇದು?"

"ಜೀವಮೇ ಕದಾ ಸಾರ್, ಇದೂ ಜೀವಾನೇ ತಾನೆ. ನೀವೇ ಹೇಳಿದ್ರಲ್ಲ."

"ಬೇಳೆ ಉಕ್ಕಿದರೆ ಈ ಮೇಕೆ ನೋಡಿಕೊಳ್ಳುತ್ತೇನಯ್ಯಾ?"

ಅವನಿಗೆ ನಿಜವಾಗಿಯೂ ನೋವಾಯಿತು. ಮರಿಯ ತಲೆ ಸವರಿ, "ಅಂಗನ್ಬೇಡಿ ಸಾರ್" ಎಂದ. "ನಿನ್ನೆ ಸಾಂಬಾರು ಉಕ್ಕಿದಾಗ ಕೂಗಿ ನನ್ನ ಕರೆದಿದ್ದು ಇದೇ. ನೀವು ಇಟ್ಟ ಕಣ್ಣು ಬರೀ ನೋಡ್ತಾ ಕೂತಿತ್ತು."

ಅರ್ಜಿ

ಕಣ್ಣನ್ನು ಮೇಕೆಗೆ ನಿಲುಕದ ಹಾಗೆ ಆಳೆತ್ತರಕ್ಕೆ ಏರಿಸಿದೆ. ಜೊತೆಗೆ ಇನ್ನೊಂದು ಕಟ್ಟುಪಾಡು ತಂದೆ. ಒಲೆ ಒಮ್ಮೆ ಆರಿತೆಂದರೆ ಗುಂಡಿ ತಿರುಗಿಸಿದರೆ ಸಾಲದು, ಪೆಟ್ಟಿಗೆಗೆ ಬೀಗದ ಕೈ ಹಾಕಿ ತಿರುಗಿಸಬೇಕು. ಆ ಕೈ ಅಡಿಗೆಯವನ ಹತ್ತಿರ ಇರಕೂಡದು, ಜವಾಬ್ದಾರಿಯುಳ್ಳವರ ಹತ್ತಿರ ಇರಬೇಕು.

ಮಧುಗಿರಿಯ ಒಂದು ಕಚೇರಿಯ ಕ್ಯಾಂಟೀನಿಗೆ ಇದನ್ನು ಹಾಕಿದಾಗ ಅಲ್ಲಿನ ಹಿರಿಯ ಗುಮಾಸ್ತರು ಬೀಗದ ಕೈಯನ್ನು ತಮ್ಮ ಬೀರುವಿನಲ್ಲಿ ಇಟ್ಟುಕೊಂಡರು. ಯಾರೇ ಕೇಳಿದರೂ ಬರಹದಲ್ಲಿ ಕೇಳಬೇಕು ಎಂದು ಕ್ಯಾಂಟೀನಿನವನಿಗೆ ತಾಕೀತು ಮಾಡಿದರು.

ಒಂದು ದಿನ ಒಲೆ ಆರಿತು. ಕ್ಯಾಂಟೀನಿನವನು ಅರ್ಜಿ ಬರೆದುಕೊಂಡು ಹೋದ. ಗುಮಾಸ್ತರು ಕನ್ನಡಕ ಏರಿಸಿ ಓದಿದರು. "ಕಾರಣ ಬರೆದಿಲ್ಲವಲ್ಲಯ್ಯ" ಎಂದರು. ಅವನು ಅಲ್ಲೇ ನಿಂತು 'ಟೀ ಕಾಯಿಸುವ ಸಲುವಾಗಿ' ಎಂದು ಸೇರಿಸಿದ. ಗುಮಾಸ್ತರು ಅರ್ಜಿಯ ಮೇಲೆ ಪೇಪರ್‌ವೆಯ್ಟ್ ಇಟ್ಟು ಕುರ್ಚಿಗೆ ಒರಗಿದರು. "ಆಯ್ತು, ಇಟ್ಟು ಹೋಗು. ಒಂದು ಟೀ ಕುಡಿದು ಆಮೇಲೆ ನೋಡ್ತೀನಿ."

ಧಾರೆ

ಆ ದಿನ ಸಂಜೆಯವರೆಗೂ ಆ ಕಚೇರಿಯಲ್ಲಿ ಯಾರೂ ಟೀ ಕುಡಿಯಲಿಲ್ಲ. ಇನ್ನು ಯಾರನ್ನೂ ನಂಬುವುದು ಬೇಡ ಎಂದು ಮಧುಗಿರಿ ಊರೊಳಗಿನ ಒಲೆಗಳ ಬೀಗದ ಕೈಯನ್ನು ನಾನೇ ಇಟ್ಟುಕೊಂಡೆ. ಎಲ್ಲಕ್ಕೂ ಒಂದೇ ಕೈ. ಕೆಂಪು ದಾರದಲ್ಲಿ ಪೋಣಿಸಿ ಅಂಗಿಯ ಜೇಬಿನಲ್ಲಿ ಇಟ್ಟಿರುತ್ತಿದ್ದೆ. ಒಲೆ ನಿಂತರೆ ನನಗೆ ಹೇಳಿಕಳಿಸಬೇಕು, ನಾನು ಬಂದು ಕಾರಣ ತಿಳಿದು ತಿರುಗಿಸಬೇಕು. ಊರಿನ ಕಲ್ಯಾಣ ಮಂಟಪಕ್ಕೂ ಇದೇ ಏರ್ಪಾಡು: ಒಲೆಯೆದುರು ಹದಿನೈದು ನಿಮಿಷದ ಕಣ್ಣು, ನನ್ನ ಜೇಬಿನಲ್ಲಿ ಕೈ.

ಅದೇ ಮಂಟಪದಲ್ಲಿ ನನ್ನ ಮಗಳ ಮದುವೆ ಗೊತ್ತಾಯಿತು. ಗಂಡು ಬೇರೆ ಯಾರೂ ಅಲ್ಲ, ಶಿರಾದ ಆ ಸುಣ್ಣದ ಯಜಮಾನರ ತಮ್ಮನ ಮಗ, ಸ್ಕೂಲ್ ಮೇಷ್ಟ್ರು. ಒಟ್ಟು ಕುಟುಂಬ, ಅವರದೇ ಯಜಮಾನಿಕೆ. ನಾನು ಅವತ್ತು ಒಂದು ಗಂಟೆ ತುಟಿ ಪಿಟಕ್ಕೆನ್ನದೆ ಸುಣ್ಣ ಕೆರೆದದ್ದನ್ನು ನೋಡಿ, "ಇಷ್ಟು ತಾಳ್ಮೆ ಇರೋನ ಮಗಳು ನಮ್ಮನೆಗೆ ಬರ್ಬೇಕು" ಎಂದು ಅವರೇ ಹೆಣ್ಣು ಕೇಳಲು ಬಂದಿದ್ದರು. ಆದರೆ ಅಡಿಗೆಯ ಮಾತು ಬಂದಾಗ ಅಡಕತ್ತರಿಯ ಸದ್ದು ನಿಂತಿತು.

"ಬೀಗ್ರೇ, ಕರೆಂಟ್ ಒಲೆ ಮ್ಯಾಗಳ ಮದ್ವೆ ಊಟ ನಾವು ಉಂಡಿಲ್ಲ. ಸೌದೆ ಒಲೆ ಹಾಕ್ಸಿ."

ಮಂಟಪದವರು ಸೌದೆಗೆ ಒಪ್ಪುವುದಿಲ್ಲ. ಮೇಲಾಗಿ ಅದು ನಾನು ವೈರ್ ಎಳೆದ ಒಲೆ. ಮೀಸೆ ತಿರುವಿ, ಮೊದಲೇ ಹೇಳಿದ ಆ ಮಾತು ಕೊಟ್ಟುಬಿಟ್ಟೆ. ಯಜಮಾನರು, "ಆಗ್ಲಿ, ನಿಮ್ ಮಾತಿನ ಮ್ಯಾಲೆ ಬತ್ತೀವಿ" ಎಂದರು. ಅಂದಿನಿಂದ ನನಗೆ ನಿದ್ದೆ ಕಡಿಮೆಯಾಯಿತು. ಅನ್ನ ತಡವಾದರೆ ನನ್ನನ್ನು ಅಂದರೆ ಅನ್ನಲಿ, ಆದರೆ ಮಗಳು ಆ ಮನೆಯಲ್ಲಿ ಬಾಳಬೇಕು. 'ಇವಳ ಮದುವೇಲಿ ಎಲೆ ಮುಂದೆ ಕಾದು ಕೂತಿದ್ವಿ' ಎನ್ನುವ ಮಾತು ಅವಳ ಬೆನ್ನಿಗೆ ಅಂಟಿಕೊಳ್ಳಬಾರದಲ್ಲ.

ಮದುವೆಯ ದಿನ ತಾಳಿ ಕಟ್ಟುವವರೆಗೂ ಎಲ್ಲ ಸುಸೂತ್ರ. ಆಮೇಲೆ ಧಾರೆ. ನಮ್ಮ ಕಡೆ ಗಂಡು ಹೆಣ್ಣಿನ ಕೈ ಕೂಡಿಸಿ ಮೇಲೆ ತೆಂಗಿನಕಾಯಿ ಇಟ್ಟು, ಹೆತ್ತವರು ಮೊದಲು ಹಾಲು ಹುಯ್ಯುತ್ತಾರೆ. ಆಮೇಲೆ ಬಂದ ನೆಂಟರಿಷ್ಟರೆಲ್ಲ ಸಾಲಾಗಿ ಬಂದು ಹುಯ್ಯುತ್ತಾರೆ. ಅದು ಮುಗಿಯುವ ತನಕ ಹೆತ್ತವರು ಉಪವಾಸ, ಜಾಗ ಬಿಟ್ಟು ಕದಲುವ ಹಾಗಿಲ್ಲ. ಮಗಳ ಕೈಮೇಲೆ ಹಾಲು ಹುಯ್ಯುವಾಗ ನನ್ನ ಕಣ್ಣು ತುಂಬಿ ಬಂತು. ಲೋಕದಲ್ಲಿ ಎಲ್ಲರೂ ನನ್ನವರೇ ಅನ್ನಿಸಿಬಿಟ್ಟಿತು. ಮೈಕು ಇಸಕೊಂಡು, "ಅಡಿಗೆ ಮನೆಯವರೂ ಬರಬೇಕು. ನೀವೂ ನಮ್ಮ ಮನೆಯವರೇ. ಒಬ್ಬರೂ ಬಿಡದೆ ಬಂದು ಧಾರೆ ಹುಯ್ಯಬೇಕು" ಎಂದುಬಿಟ್ಟೆ.

ಅವರಿಗೂ ಸಂತೋಷವಾಯಿತು. ಎಲ್ಲರೂ ಕೈತೊಳೆದು, ಅಂಗಿ ಬದಲಾಯಿಸಿ, ತಲೆ ಬಾಚಿಕೊಂಡು ಬಂದು ಸಾಲಿನ ಕೊನೆಯಲ್ಲಿ ನಿಂತರು. ಸಾಲು ಬಾಗಿಲ ತನಕ ಇತ್ತು. ಫೋಟೋದವನು ಒಬ್ಬೊಬ್ಬರನ್ನೂ ನಿಲ್ಲಿಸಿ, ಕತ್ತು ತಿರುಗಿಸಿ, ನಗಿಸುತ್ತಿದ್ದ.

ಏನೋ ನೆನಪಾಗಿ ಒಲೆ ನೋಡಲು ಒಳಗೆ ಹೋದ ದೊಡ್ಡ ಅಡಿಗೆಯವರು ಓಡಿಬಂದು ನನ್ನ ಕಿವಿ ಹತ್ತಿರ ಬಗ್ಗಿದರು. "ಅಣ್ಣ, ಒಲೆ ನಿಂತೋಗೈತೆ. ಅಕ್ಕಿ ಹಾಕಾನ ಅಂದ್ರೆ ಎಸರು ತಣ್ಣಗಾಯ್ತಾ ಐತೆ. ಕೀ ಕೊಡಿ."

ಕೈ ಎದೆಗೆ ಹೋಯಿತು. ಜೇಬಿರಲಿಲ್ಲ, ಅಂಗಿಯೇ ಇರಲಿಲ್ಲ. ಪಂಚೆ ಮತ್ತು ಶಲ್ಯದಲ್ಲಿ ನಿಂತಿದ್ದೆ. ಮನೆಯಾಕೆ ಪಕ್ಕದಿಂದ ಮೆಲ್ಲಗೆ, "ಬೆಳಿಗ್ಗೆ ಅತ್ತೆ ನಿಮ್ಮ ಅಂಗಿ ಜೇಬು ತಡಕ್ತಾ ಇದ್ರು" ಎಂದಳು.

ನನ್ನ ಅವ್ವ ಮುಂದಿನ ಕುರ್ಚಿಯಲ್ಲೇ ಕೂತಿದ್ದಳು. ಸನ್ನೆ ಮಾಡಿ ಕರೆದು ಕೇಳಿದೆ.

"ಕೀನಾ? ಅದು ಮಗೀನ ಸೊಂಟದಾಗೈತೆ" ಎಂದಳು ಅವ್ವ.

ಮದುಮಗಳ ಮೈಮೇಲೆ ಒಂದು ಚೂರು ಕಬ್ಬಿಣ ಇರಬೇಕು, ಇಲ್ಲದಿದ್ದರೆ ಗಾಳಿ ಸೋಕುತ್ತದೆ ಎನ್ನುವುದು ಅವ್ವನ ಕಟ್ಟುನಿಟ್ಟಿನ ಶಾಸ್ತ್ರ. ಬೆಳಿಗ್ಗೆ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ ನನ್ನ ಬೀಗದ ಕೈಯನ್ನೇ ಮೊಮ್ಮಗಳ ಸೀರೆಯ ನೆರಿಗೆಗೆ ಸಿಕ್ಕಿಸಿಬಿಟ್ಟಿದ್ದಳು.

"ತೆಗೆದುಕೊಡವ್ವ, ಬೇಗ."

"ಧಾರೆ ಮುಗಿಯಾಗಂಟ ತೆಗೆಯಂಗಿಲ್ಲ ಕಣ್ಲಾ."

ಬಾಸಿಂಗದ ಕೆಳಗಿನಿಂದ ಮಗಳು ತಲೆ ಎತ್ತದೆ, "ಹದಿನೈದು ನಿಮಿಷ ಸಾಲಲ್ಲ ಅಂತ ನಾನು ಅವತ್ತೇ ಹೇಳಿದ್ದೆ" ಎಂದಳು. ಅವಳ ಎರಡೂ ಕೈ ಗಂಡಿನ ಕೈಯ ಜೊತೆ ತೆಂಗಿನಕಾಯಿಯ ಕೆಳಗೆ ಸಿಕ್ಕಿಕೊಂಡಿದ್ದವು.

ನನಗೆ ಒಂದು ಉಪಾಯ ಹೊಳೆಯಿತು. ನಿಜ ಹೇಳಿದರೆ ಅವ್ವ ಬಿಟ್ಟುಕೊಡುತ್ತಾಳೆ ಎಂದುಕೊಂಡೆ. "ಅವ್ವ, ಅದು ಕಬ್ಬಿಣ ಅಲ್ಲ, ಹಿತ್ತಾಳೆ. ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ."

ಅವ್ವನ ಮುಖ ಬಿಳಿಚಿಕೊಂಡಿತು. "ಅಂದ್ರೆ ಹೊತ್ತಾರೆಯಿಂದ ಮಗ ಕಬ್ಬಿಣ ಇಲ್ದೆ ಕುಂತೈತಾ?" ಎಂದವಳೇ ಸಾಲಿನ ಕಡೆ ಕೈ ಅಡ್ಡ ಹಿಡಿದಳು. "ಯಾರೂ ಹುಯ್ಬ್ಯಾಡಿ. ಮೊದ್ಲು ಕಬ್ಬಿಣ ತತ್ತಾ."

ಓಲಗ ನಿಂತಿತು. ಅಲ್ಲಿಯವರೆಗೆ ಒಲೆ ಮಾತ್ರ ನಿಂತಿತ್ತು, ಈಗ ಧಾರೆಯೂ ನಿಂತಿತು. ಬುದ್ಧಿ ಬಂದಾಗಿನಿಂದ ಕಟಿಂಗ್ ಪ್ಲೇಯರು, ಟೆಸ್ಟರು, ಸ್ಕ್ರೂಡ್ರೈವರು ಇಲ್ಲದೆ ಹೊಸಿಲು ದಾಟದ ನನ್ನ ಮೈಮೇಲೆ ಅವತ್ತು ಒಂದು ಮೊಳೆಯೂ ಇರಲಿಲ್ಲ. ಅಡಿಗೆಯವರು ಸೌಟು ತಂದರು. ಅವ್ವ ತಿರುಗಿಸಿ ನೋಡಿ, "ಇದು ಸ್ಟೀಲು" ಎಂದಳು. ಯಾರೋ ಪಿನ್ನು ಕೊಟ್ಟರು. "ಪಿನ್ನಿಗೆ ಯಾವ ಗಾಳಿ ಹೆದ್ರುತದೆ" ಎಂದು ಅದನ್ನೂ ವಾಪಸು ಕೊಟ್ಟಳು.

ಸಾಲಿನಲ್ಲಿ ಮೂರನೆಯವರಾಗಿ ನಿಂತಿದ್ದ ಯಜಮಾನರು ಇದನ್ನೆಲ್ಲ ನೋಡುತ್ತಿದ್ದರು. ಬೇರೆಯವರು ಅವ್ವನನ್ನು ನೋಡುತ್ತಿದ್ದರೆ ಅವರು ಅಡಿಗೆಯವರ ಮುಖ ನೋಡುತ್ತಿದ್ದರು. ಹುಟ್ಟಾ ಹೋಟೆಲಿನವರು, ಅಡಿಗೆಯವನ ಮುಖದಲ್ಲೇ ಒಲೆ ಉರಿಯುತ್ತಿದೆಯೋ ಆರಿದೆಯೋ ಹೇಳಬಲ್ಲರು. ನಿಧಾನವಾಗಿ ಮುಂದೆ ಬಂದು ಸಂಚಿ ಬಿಚ್ಚಿ ಅಡಕತ್ತರಿ ತೆಗೆದು ಅವ್ವನ ಕೈಗಿಟ್ಟರು. "ನಮ್ಮಪ್ಪನ ಕಾಲದ್ದು ಕಣಮ್ಮ. ಅಪ್ಪಟ ಕಬ್ಬಿಣ."

ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ಮೊಮ್ಮಗಳ ಸೊಂಟಕ್ಕೆ ಸಿಕ್ಕಿಸಿದಳು. ಹಾಲಲ್ಲಿ ನೆಂದ ಬೀಗದ ಕೈ ನನ್ನ ಕೈಗೆ ಬಂತು, ನನ್ನ ಕೈಯಿಂದ ಅಡಿಗೆಯವರಿಗೆ ಹೋಯಿತು. ಓಲಗ ಮತ್ತೆ ಶುರುವಾಯಿತು.

ಯಜಮಾನರು ನನ್ನ ಹತ್ತಿರ ಬಗ್ಗಿ, "ಒಲೆ ನಿಂತೋಯ್ತಾ?" ಎಂದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಿಂತೋಯ್ತು. ಎದುರಿಗೆ ಯಾರೂ ಇಲ್ಲದಿದ್ದರೆ ನಿಲ್ಲೋ ಹಾಗೆ ಮಾಡಿದವನು ನಾನೇ. ಅವರನ್ನ ಅಲ್ಲಿಂದ ಎಬ್ಬಿಸಿಕೊಂಡು ಬಂದವನೂ ನಾನೇ" ಎಂದೆ. ನಾಚಿಕೆಯಿಂದ ಕುಗ್ಗಿಹೋಗಿದ್ದೆ.

"ಅನ್ನಕ್ಕೆ ಎಷ್ಟೊತ್ತು ಬೇಕು?"

"ಮುಕ್ಕಾಲು ಗಂಟೆ."

ಅವರು ಮುಂದೆ ಹೋದರು. ಹಾಲು ಹುಯ್ದರು. ಹುಯ್ದು, ತಮ್ಮ ಕಡೆಯವರತ್ತ ತಿರುಗಿ ಗಟ್ಟಿಯಾಗಿ ಹೇಳಿದರು: "ಲೇ, ನಮ್ ಕಡೆಯೋರು ಒಬ್ರೂ ತಪ್ಪಂಗಿಲ್ಲ. ಕೈಗೂಸ್ನೂ ಎತ್ಕಂಬಂದು ಹುಯ್ಸಿ. ಬಸ್ಸಿನ ಡ್ರೈವರ್‌ನೂ ಕರೀರಿ. ನಿಧಾನುಕ್ಕೆ ಹುಯ್ರಿ, ಯಾರೂ ಓಡೋಗಲ್ಲ."

ಸಾಲು ಎರಡರಷ್ಟಾಯಿತು. ಕೂಸುಗಳು ಬಂದವು, ಡ್ರೈವರು ಬಂದ, ಓಲಗದವರೂ ಸರದಿಯ ಮೇಲೆ ಬಂದು ಹುಯ್ದರು. ಅಷ್ಟು ಉದ್ದನೆಯ ಧಾರೆಯನ್ನು ಆ ಮಂಟಪ ಕಂಡಿರಲಿಲ್ಲ. ಕೊನೆಯ ತೊಟ್ಟು ಹಾಲು ಬೀಳುವುದಕ್ಕೂ ಅಡಿಗೆಮನೆ ಬಾಗಿಲಲ್ಲಿ ದೊಡ್ಡ ಅಡಿಗೆಯವರು ಕೈ ಎತ್ತಿ ತೋರಿಸುವುದಕ್ಕೂ ಸರಿಹೋಯಿತು. ಧಾರೆ ಮುಗಿದ ತಕ್ಷಣ ಎಲೆ ಬಿತ್ತು. ನನ್ನ ಮಾತನ್ನು ಉಳಿಸಿದವರು, ಯಾರಿಗೆ ಮಾತು ಕೊಟ್ಟಿದ್ದೆನೋ ಅವರೇ.

ಊಟಕ್ಕೆ ಕೂತ ಯಜಮಾನರ ಎದುರು ಕೈಮುಗಿದು ನಿಂತೆ. "ಊಟ ಹೆಂಗಿದೆ?" ಎಂದು ಕೇಳಿದೆ.

"ಬೆಂಕಿ ಕಾಣ್ದಿದ್ರೂ ಬೆಂದೈತೆ" ಎಂದರು. ಅನ್ನ ಸಾರು ಎರಡು ಸಲ ಹಾಕಿಸಿಕೊಂಡರು.

ಊಟವಾದ ಮೇಲೆ ತಾಂಬೂಲದ ತಟ್ಟೆ ಹಿಡಿದೆ. ಅವರು ಒಂದು ಗೋಟಡಿಕೆ ತೆಗೆದುಕೊಂಡು, ರೂಢಿಯಂತೆ ಸೊಂಟಕ್ಕೆ ಕೈ ಹಾಕಿದರು. ಸಂಚಿ ಬರಿದಾಗಿತ್ತು. ಅವ್ವ ಪಕ್ಕದಿಂದಲೇ, "ಹುಡುಗಿ ನಿಮ್ಮನೆ ಹೊಸಿಲು ದಾಟೋಗಂಟ ಅದನ್ನ ತೆಗೆಯಂಗಿಲ್ಲ ಸ್ವಾಮಿ" ಎಂದಳು. ಯಜಮಾನರು ಇಡೀ ಅಡಿಕೆಯನ್ನು ಅಂಗೈಯಲ್ಲಿ ಉರುಳಿಸುತ್ತಾ ನನ್ನ ಕಡೆ ತಿರುಗಿದರು.

"ಬೀಗ್ರೇ, ನಮ್ಮೋಟ್ಲು ಅನ್ನ ಸಾರ್ನೂ ಕರೆಂಟ್ ಒಲೆಗೇ ಹಾಕ್ಬುಡಾನ. ಈ ಕಣ್ಣು, ಕೀ, ಎಲ್ಲಾನೂ ಕೂಡ್ಸಿಕೊಡಿ. ಕೀ ಮಾತ್ರ ನನ್ ಕೈಗೆ ಕೊಡ್ಬ್ಯಾಡಿ. ಅದು ಸೊಸೆ ಸೊಂಟದಾಗೇ ಇರ್ಲಿ. ಒಲೆ ವಿಷ್ಯ ನಿಮಗಿಂತ ಅವ್ಳಿಗೇ ಜಾಸ್ತಿ ಗೊತ್ತು."

ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವ್ವ ಮಾತ್ರ ನನ್ನ ಶಲ್ಯ ಹಿಡಿದು ಜಗ್ಗಿ, ಎಲ್ಲರಿಗೂ ಕೇಳುವ ಹಾಗೆ ಗುಟ್ಟು ಹೇಳಿದಳು:

"ಈ ಸಲನಾದ್ರೂ ಕೀನ ಕಬ್ಬಿಣದಾಗೆ ಮಾಡ್ಸ್ಲಾ."